ಲಂಡನ್‌ಗೆ ಜೀನ್ಸ್ ಕಳಿಸಿದರೆ ಯಾವ ತೆರಿಗೆ ಹಾಕಬೇಕು?

ಬಳ್ಳಾರಿಯಲ್ಲಿ ನಮ್ಮದು ಆರು ಮಷಿನ್‌ನ ಜೀನ್ಸ್ ಘಟಕ. ನನ್ನದೇ ವೆಬ್‌ಸೈಟ್‌ಗೆ ಲಂಡನ್‌ನಿಂದ ಮೊದಲ ಆರ್ಡರ್ ಬಂತು. ಎರಡು ಪ್ಯಾಂಟ್, 36 ಪೌಂಡ್. ಖುಷಿಯಲ್ಲಿ ಇಲ್ಲಿನ ಹಾಗೇ 5% ಜಿಎಸ್‌ಟಿ ಸೇರಿಸಿ ಬಿಲ್ ಮಾಡಿಬಿಟ್ಟೆ. ತಪ್ಪಾಯ್ತಾ?

ಉತ್ತರ 1: ಹೌದು ಅಣ್ಣ. ರಫ್ತಿಗೆ ಜಿಎಸ್‌ಟಿ ಶೂನ್ಯ. ಎಲ್‌ಯುಟಿ (ತೆರಿಗೆ ಕಟ್ಟದೇ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕಿದ್ದೀರಾ? ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಫಾರ್ಮ್, ಪ್ರತಿ ಹಣಕಾಸು ವರ್ಷಕ್ಕೂ ಹೊಸದು. ಇಲ್ಲಾಂದ್ರೆ ಐಜಿಎಸ್‌ಟಿ (ಹೊರರಾಜ್ಯ, ಹೊರದೇಶದ ಮಾರಾಟಕ್ಕೆ ಹಾಕುವ ಜಿಎಸ್‌ಟಿ) ಕಟ್ಟಿ ರೀಫಂಡ್‌ಗೆ ಕಾಯಬೇಕು.

ಉತ್ತರ 2: ಅದು ಈ ಕಡೆಯ ಕಥೆ. 135 ಪೌಂಡ್ ಒಳಗಿನ ಪಾರ್ಸೆಲ್‌ಗೆ ಬ್ರಿಟನ್‌ನ 20% ವ್ಯಾಟ್ (ನಮ್ಮ ಜಿಎಸ್‌ಟಿಯಂಥ ತೆರಿಗೆ) ಮಾರುವವರೇ ವಸೂಲಿ ಮಾಡಬೇಕು, ಅಲ್ಲಿ ನೋಂದಣಿಯೂ ಬೇಕು. ಅದಕ್ಕೇ ನಾನು ಮಾರ್ಕೆಟ್‌ಪ್ಲೇಸ್ (ಹಲವರು ಮಾರುವ ಆನ್‌ಲೈನ್ ತಾಣ) ಮೂಲಕ ಮಾರುತ್ತೇನೆ, ವ್ಯಾಟ್ ಅವರೇ ಕಟ್ಟುತ್ತಾರೆ. ಕಮಿಷನ್ ಜಾಸ್ತಿ, ಬಿಡಿ.

ಕೇಳಿದವರು: ಸದ್ಯ, ಪಾರ್ಸೆಲ್ ಇನ್ನೂ ಇಸ್ತ್ರಿ ಮೇಜಿನ ಮೇಲೇ ಇದೆ!