ಚೋಪ್ರಾ ಮಹಾಭಾರತದ ಪೂರ್ತಿ ಡಿವಿಡಿ ಸೆಟ್: ತಗೊಳ್ಳುವ ಮುಂಚೆ ಏನೇನು ನೋಡಬೇಕು?

ಸಿಂಧನೂರು ಸೀಮೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಸಿಂಧನೂರು, ಈಗ ಇರುವುದು ರಾಯಚೂರಿನಲ್ಲಿ. ನಮ್ಮ ಅಪ್ಪನಿಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನು ಮೊದಲಿಂದ ಕೊನೆವರೆಗೆ, ನಡುವೆ ಜಾಹೀರಾತು ಇಲ್ಲದೆ, ಬೇಕಾದಾಗ ಹಾಕಿಕೊಂಡು ನೋಡಬೇಕು ಅಂತ ಬಹಳ ದಿನದ ಆಸೆ. ಫೋನಿನಲ್ಲಿ ಹಾಕಿ ಕೊಟ್ಟರೆ ಅವರಿಗೆ ಒಗ್ಗುವುದಿಲ್ಲ, ಕಣ್ಣಿಗೂ ಕಷ್ಟ. ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ, ಅದರ ರಿಮೋಟ್ ಅವರಿಗೆ ಚೆನ್ನಾಗಿ ರೂಢಿ.

ಈಗ ಎರಡು ಕಡೆ ಸಿಗುತ್ತಿದೆ. ಬಳ್ಳಾರಿಯಲ್ಲಿ ಒಂದು ಹಳೇ ಸಿಡಿ ಅಂಗಡಿಯವರು ಉಳಿದ ಮಾಲೆಲ್ಲ ತೆಗೆಯುತ್ತಿದ್ದಾರೆ, ಅದರಲ್ಲಿ ಬಾಕ್ಸ್ ಸೆಟ್ ಇದೆ, ಆದರೆ ಒಂದೋ ಎರಡೋ ಡಿಸ್ಕ್ ಕಮ್ಮಿ ಇರಬಹುದು ಅಂದರು. ಇನ್ನೊಬ್ಬರು ಐದೇ ಡಿವಿಡಿಯಲ್ಲಿ ಇಡೀ ಮಹಾಭಾರತ ಇದೆ, ಅರ್ಧ ರೇಟಿಗೆ ಕೊಡುತ್ತೇನೆ ಅಂತ ಹೇಳುತ್ತಿದ್ದಾರೆ. ಯಾವುದು ತಗೊಳ್ಳಲಿ? ಜೊತೆಗೆ ಮಾಲ್ಗುಡಿ ಡೇಸ್ ಕೂಡ ಬೇಕು. ನಮ್ಮ ಮನೆ ಮೇಲಿನ ಮಹಡಿ, ಏಪ್ರಿಲ್ ಬಂತೆಂದರೆ ಸ್ಲ್ಯಾಬು ಕಾದು ರಾತ್ರಿಯೂ ಆರುವುದಿಲ್ಲ. ಈ ಬಿಸಿಲಿಗೆ ಡಿಸ್ಕ್ ತಡೆಯುತ್ತವಾ? ತಿಳಿದವರು ದಯವಿಟ್ಟು ಹೇಳಿ.

ಕೌಲ್‌ಬಜಾರ್ ಸಿಡಿ ಲೈಬ್ರರಿ:

ಆ ಐದು ಡಿವಿಡಿ ತಗೋಬೇಡಿ ಅಣ್ಣ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಮಹಾಭಾರತ ದೂರದರ್ಶನದಲ್ಲಿ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಬಂತು, ಒಟ್ಟು 94 ಕಂತು. ಒಂದೊಂದು ಸುಮಾರು 45 ನಿಮಿಷ ಅಂದರೆ ಹತ್ತಿರ ಹತ್ತಿರ 70 ತಾಸು ಆಯಿತು. ಸಾದಾ ಡಿವಿಡಿ ಹಿಡಿಯುವುದು 4.7 ಜಿಬಿ, ಚಿತ್ರ ಚೆನ್ನಾಗಿ ಕಾಣಬೇಕಾದರೆ ಅದರಲ್ಲಿ ಎರಡು ತಾಸು ಹಾಕಬಹುದು, ಸ್ವಲ್ಪ ಎಳೆದರೆ ಎರಡೂವರೆ. ಐದು ಡಿಸ್ಕಿಗೆ 70 ತಾಸು ತುಂಬಿದರೆ ಒಂದೊಂದಕ್ಕೆ 14 ತಾಸು ಬೀಳುತ್ತದೆ! ಭೀಷ್ಮನ ಗಡ್ಡ, ಹಿಂದಿನ ಕಂಬ, ಆಕಾಶ ಎಲ್ಲ ಚೌಕಚೌಕವಾಗಿ ಕಾಣುತ್ತದೆ. ಬಾಣ ಹಾರುವ ಜಾಗದಲ್ಲಂತೂ ಏನೂ ತಿಳಿಯುವುದಿಲ್ಲ. ಎರಡು ಪದರದ 8.5 ಜಿಬಿ ಡಿಸ್ಕಿನಲ್ಲಿ ನೀಟಾಗಿ ಹಾಕಿದರೆ ಡಿಸ್ಕಿಗೆ ಐದು ಕಂತು ಹಿಡಿಯುತ್ತದೆ, ಆ ಲೆಕ್ಕಕ್ಕೆ 19 ಡಿಸ್ಕ್ ಹತ್ತಿರ ಬೇಕಾಗುತ್ತದೆ. ಇದಕ್ಕಿಂತ ಬಹಳ ಕಮ್ಮಿ ಡಿಸ್ಕ್ ಇದ್ದರೆ ಅನುಮಾನ ಪಡಿ.

ಇನ್ನು ಬಾಕ್ಸ್ ಸೆಟ್ ವಿಷಯ. ಡಿಸ್ಕ್ ಎಣಿಸಬೇಡಿ, ಕಂತು ಎಣಿಸಿ. ನಾನು ಎಷ್ಟೋ ವರ್ಷ ಸಿಡಿ ಬಾಡಿಗೆಗೆ ಕೊಟ್ಟವನು, ಹಾಗಾಗಿ ಗೊತ್ತು: ಗಿರಾಕಿ ಡಿಸ್ಕ್ 7 ತೆಗೆದು ಆ ಜಾಗಕ್ಕೆ ಡಿಸ್ಕ್ 11 ಇಟ್ಟು ಕೊಡುತ್ತಾರೆ. ಎಣಿಸಿದರೆ ಸರಿ ಇರುತ್ತದೆ, ಹಾಕಿದ ಮೇಲೆ ಒಂದು ಎರಡು ಸಲ ಇದೆ, ಇನ್ನೊಂದು ಇಲ್ಲವೇ ಇಲ್ಲ ಅಂತ ತಿಳಿಯುತ್ತದೆ. ಪ್ರತಿ ಡಿಸ್ಕಿನ ಮೆನು ತೆಗೆದು ಮೊದಲ ಕಂತು ಯಾವುದು, ಕೊನೇದು ಯಾವುದು ಬರೆದುಕೊಳ್ಳಿ. ಕಟ್ಟಕಡೆಯದರಲ್ಲಿ ಶರಶಯ್ಯೆಯ ಮೇಲೆ ಭೀಷ್ಮ ಪ್ರಾಣ ಬಿಡಬೇಕು. ಯುದ್ಧ ಮುಗಿದಲ್ಲಿಗೇ ನಿಂತುಹೋದರೆ ಕೊನೆಯ ಡಿಸ್ಕ್ ಇಲ್ಲ ಅಂತಲೇ ಅರ್ಥ. ಮಹೇಂದ್ರ ಕಪೂರ್ ಅವರ ಶೀರ್ಷಿಕೆ ಹಾಡು, ಆಮೇಲೆ ಹರೀಶ್ ಭಿಮಾನಿ ಅವರ ದನಿಯಲ್ಲಿ 'ಸಮಯ' ಮಾತಾಡುವುದು, ಇವನ್ನು ಕತ್ತರಿಸಿಲ್ಲವಾ ಅಂತಲೂ ನೋಡಿ. ನಮ್ಮ ಅಪ್ಪನ ಕಾಲದವರಿಗೆ ಆ ದನಿ ಇಲ್ಲದಿದ್ದರೆ ಅದು ಮಹಾಭಾರತವೇ ಅಲ್ಲ.

ಇನ್ನೊಂದು. 2013ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ ಮಹಾಭಾರತ ಬೇರೆ, ಅದಕ್ಕೆ 267 ಕಂತು. ಹೆಸರು ಒಂದೇ ಆದ್ದರಿಂದ ಮಾರುವವರೂ ಗೊಂದಲ ಮಾಡಿಕೊಳ್ಳುತ್ತಾರೆ. ರಾಮಾಯಣಕ್ಕೂ ಇದೇ ಕಥೆ. ರಾಮಾನಂದ ಸಾಗರ್ ಅವರ ರಾಮಾಯಣ 78 ಕಂತಿಗೆ ಮುಗಿಯುತ್ತದೆ, ಲವಕುಶರದ್ದು ಉತ್ತರ ರಾಮಾಯಣ ಅಂತ ಬೇರೆಯೇ ಧಾರಾವಾಹಿ.

ಅಸಲಿಯಾ ಬರೆದದ್ದಾ ತಿಳಿಯಬೇಕಾದರೆ ಡಿಸ್ಕ್ ತಿರುಗಿಸಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು ಬೆಳ್ಳಿ ಬಣ್ಣ, ಎರಡು ಪದರದ್ದು ಸ್ವಲ್ಪ ಬಂಗಾರದ ಛಾಯೆ. ಕಂಪ್ಯೂಟರಿನಲ್ಲಿ ಬರೆದದ್ದು ನೇರಳೆ. ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಉಂಗುರವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಅಸಲಿಯಲ್ಲಿ ಬಹಳ ಸಲ ಸಣ್ಣಕ್ಷರದಲ್ಲಿ ಐಎಫ್‌ಪಿಐ (IFPI, ಧ್ವನಿಮುದ್ರಣ ಕಂಪನಿಗಳ ಒಕ್ಕೂಟದ ಗುರುತು) ಅಂತ ಕೊರೆದಿರುತ್ತದೆ. ಅದೇ ಉಂಗುರದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತಲೂ ನೋಡಿ. ಬಾಕ್ಸಿನ ನಡುವಿನ ಗುಂಡಿ ಒತ್ತದೆ ಡಿಸ್ಕನ್ನು ಬಗ್ಗಿಸಿ ಎಳೆದರೆ ಅಲ್ಲಿಂದಲೇ ಸೀಳುವುದು.

ಕೊಪ್ಪಳದ ಮೇಡಂ:

ಮಾಲ್ಗುಡಿ ಡೇಸ್ ಬಗ್ಗೆ ನಾನು ಹೇಳುತ್ತೇನೆ. ಅದರಲ್ಲಿ 'ಪೂರ್ತಿ' ಅಂದರೆ ಎರಡು ಲೆಕ್ಕ ಇದೆ. ಶಂಕರ್ ನಾಗ್ ಅವರು ಮಾಡಿದ್ದು 39 ಕಂತು. ಆಮೇಲೆ 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ 15 ಬಂದವು. ಸೇರಿಸಿದರೆ 54. ನಿಮಗೆ ಆಗುಂಬೆಯ ಆ ಹಳೇ ಮಾಲ್ಗುಡಿಯೇ ಬೇಕು, ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್ ಬೇಕು ಅಂದರೆ 39 ಸಾಕು, ಅದನ್ನು ಅರ್ಧಂಬರ್ಧ ಅಂತ ಬಿಡಬೇಡಿ. ಭಾಷೆಯನ್ನೂ ಕೇಳಿ. ಹಿಂದಿಯಲ್ಲಿ ಎಲ್ಲ ಇವೆ, ಇಂಗ್ಲಿಷಿನಲ್ಲಿ ಮಾಡಿದ್ದು ಮೊದಲ 13 ಮಾತ್ರ. ಇಂಗ್ಲಿಷ್ ಪೂರ್ತಿ ಸೆಟ್ ಅಂತ ಯಾರಾದರೂ ಹೇಳಿದರೆ ಕಂತಿನ ಪಟ್ಟಿ ಕೇಳಿ.

ನಾನು ಮಕ್ಕಳಿಗೆ ಇದನ್ನು ತೋರಿಸುತ್ತೇನೆ. ಪ್ರತಿ ಕಂತಿನ ಹೆಸರು ಬರುವಾಗ ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರ, ಹಿಂದೆ ಎಲ್. ವೈದ್ಯನಾಥನ್ ಅವರ ಸಂಗೀತ, ಅಷ್ಟಕ್ಕೇ ಮಕ್ಕಳು ಸುಮ್ಮನಾಗಿ ಕೂತುಬಿಡುತ್ತಾರೆ. ಫೋನಿನಲ್ಲಿ ಅದೇ ಭಾಗವನ್ನು ಬೆರಳಲ್ಲಿ ದಾಟಿಸಿಬಿಡುತ್ತಾರೆ.

ಹೊಸಾ ಬೋರ್ಡ್:

ಬೇಜಾರಾಗಬೇಡಿ, ಆದರೆ ಇಷ್ಟೆಲ್ಲ ಯಾಕೆ? ಎಲ್ಲ ನೆಟ್ಟಿನಲ್ಲಿ ಇದೆ. ಟಿವಿಗೆ ಒಂದು ಸ್ಟಿಕ್ ಹಾಕಿದರೆ ಮುಗಿಯಿತು. ಡಿಸ್ಕ್ ಇಡಲು ಜಾಗ ಬೇಕು, ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರೂ ಸಿಗುವುದಿಲ್ಲ. ಹಿರಿಯರಿಗೆ ರಿಮೋಟಿನಲ್ಲಿ ಒಂದು ಗುಂಡಿ ತೋರಿಸಿಕೊಟ್ಟರೆ ಕಲಿಯುತ್ತಾರೆ.

ಬಳ್ಳಾರಿ ಬ್ಲೂರೇ:

ಅಣ್ಣ, ನೆಟ್ಟಿನಲ್ಲಿ ಇರುವುದೂ ಡಿಸ್ಕಿನಲ್ಲಿ ಇರುವುದೂ ಎಲ್ಲ ಸಲ ಒಂದೇ ಆಗಿರುವುದಿಲ್ಲ. ನಾನು ಹೆಚ್ಚಾಗಿ ಇಂಗ್ಲಿಷ್ ಸೀರೀಸ್ ಸೇರಿಸುತ್ತೇನೆ, ಅದರಿಂದ ಹೇಳುತ್ತಿದ್ದೇನೆ. ಫ್ರೆಂಡ್ಸ್ ತಗೊಳ್ಳಿ, 10 ಸೀಸನ್ನು, 236 ಕಂತು. ಅದರ ಅಮೆರಿಕದ ಡಿವಿಡಿಯಲ್ಲಿ ಟಿವಿಯಲ್ಲಿ ಬಾರದ ದೃಶ್ಯಗಳು ಸೇರಿ ಕಂತುಗಳು ಉದ್ದ ಇವೆ. 2012ರಲ್ಲಿ ಅದರ ಬ್ಲೂರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್) ಬಂದಾಗ ಚಿತ್ರ ಬಹಳ ಚೆನ್ನಾಯಿತು, ಆದರೆ ಹಾಕಿದ್ದು ಟಿವಿಯಲ್ಲಿ ಬಂದಷ್ಟೇ. ಹೆಚ್ಚಿನ ದೃಶ್ಯ ಬೇಕು ಅನ್ನುವವರು ಇವತ್ತಿಗೂ ಹಳೇ ಡಿವಿಡಿ ಹುಡುಕುತ್ತಾರೆ. ಹಾಡಿನ ಹಕ್ಕಿನ ತಂಟೆ ಬೇರೆ. ದಿ ವಂಡರ್ ಇಯರ್ಸ್ ಅನ್ನೋ ಧಾರಾವಾಹಿ 1993ಕ್ಕೆ ಮುಗಿದಿತ್ತು, ಅದರಲ್ಲಿ ಬಳಸಿದ ಹಾಡುಗಳ ಹಕ್ಕು ಬಿಡಿಸಿಕೊಳ್ಳುವುದು ಕಷ್ಟವಾಗಿ ಪೂರ್ತಿ ಡಿವಿಡಿ ಬಂದದ್ದು 2014ರಲ್ಲಿ. ನೆಟ್ಟಿನಲ್ಲಾದರೆ ಹಕ್ಕಿನ ಅವಧಿ ಮುಗಿದ ರಾತ್ರಿ ಹೇಳದೆ ಕೇಳದೆ ಮಾಯ. ದುಡ್ಡು ಕಟ್ಟುತ್ತಿದ್ದರೂ ಅಷ್ಟೇ. ಕಪಾಟಿನಲ್ಲಿ ಇರುವ ಡಿಸ್ಕನ್ನು ಯಾರೂ ಬಂದು ತಗೊಂಡು ಹೋಗುವುದಿಲ್ಲ ಅಲ್ವಾ?

ಹೊರದೇಶದಿಂದ ತರಿಸುವವರು ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವ ಗುರುತು. ಡಿವಿಡಿಗೆ ಭಾರತ 5, ಅಮೆರಿಕ 1. ಬ್ಲೂರೇಗೆ ನಮ್ಮದು ಸಿ, ಅಮೆರಿಕ ಎ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಾಯಿಸಲು ಐದೇ ಸಲ ಬಿಡುತ್ತದೆ, ಆಮೇಲೆ ಕೊನೆಯದಕ್ಕೇ ಗಟ್ಟಿಯಾಗಿ ನಿಂತುಬಿಡುತ್ತದೆ. ಅದಕ್ಕೆ ಸುಮ್ನೆ ಬದಲಾಯಿಸುತ್ತಾ ಕೂರಬೇಡಿ.

ಶಕ್ತಿನಗರ ಮೆಕ್ಯಾನಿಕ್:

ಬಿಸಿಲಿನ ಮಾತು ಯಾರೂ ಹೇಳಲಿಲ್ಲ, ಅದೇ ಮುಖ್ಯ. ನಾನು ರಾಯಚೂರು ಕಡೆಯವನೇ, ಟಿವಿ, ಪ್ಲೇಯರ್ ರಿಪೇರಿ ಮಾಡುತ್ತೇನೆ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅಚ್ಚು ಹಾಕಿದ ಡಿಸ್ಕ್ ಅಷ್ಟಕ್ಕೇ ಕೆಡುವುದಿಲ್ಲ, ಹೆದರಬೇಡಿ. ಕೆಡುವುದು ಬರೆದ ಡಿಸ್ಕ್. ಅದರೊಳಗೆ ಇರುವುದು ಒಂದು ಬಗೆಯ ಬಣ್ಣ, ಶಾಖಕ್ಕೂ ಬೆಳಕಿಗೂ ಮಾಸುತ್ತಾ ಹೋಗುತ್ತದೆ, ಕಿಟಕಿ ಹತ್ತಿರ ಇಟ್ಟರೆ ಇನ್ನೂ ಬೇಗ. ನೇರಳೆ ಡಿಸ್ಕ್ ಎಷ್ಟಿದ್ದರೂ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ.

ವಿಸಿಡಿ (ಸಿಡಿಯಲ್ಲೇ ಚಿತ್ರ ತುಂಬಿದ್ದು) ಇದ್ದವರು ಮೇಲ್ಭಾಗ ಜೋಪಾನ ಮಾಡಿ. ಎಲ್ಲರೂ ಕೆಳಗಿನ ಹೊಳೆಯುವ ಕಡೆಯನ್ನೇ ಕಾಯುತ್ತಾರೆ. ಆದರೆ ಸಿಡಿಯಲ್ಲಿ ಆ ಬೆಳ್ಳಿ ಪದರ ಇರುವುದು ಹೆಸರು ಬರೆದ ಕಡೆ, ತೆಳು ವಾರ್ನಿಷಿನ ಅಡಿಯಲ್ಲಿ. ಬಾಲ್‌ಪೆನ್ನಿನಿಂದ ಒತ್ತಿ ನಂಬರ್ ಬರೆದರೆ ಅಥವಾ ಅಂಟಿಸಿದ ಚೀಟಿ ಕಿತ್ತರೆ ಪದರವೇ ಎದ್ದು ಬರುತ್ತದೆ, ಅದಕ್ಕೆ ಔಷಧವಿಲ್ಲ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ, ಹಾಗಾಗಿ ಆ ಭಯ ಕಮ್ಮಿ. ಕೆಳಗಿನ ಸಣ್ಣಪುಟ್ಟ ಗೀರು ಎರಡರಲ್ಲೂ ಅಷ್ಟೇನೂ ತೊಂದರೆ ಕೊಡುವುದಿಲ್ಲ.

ಇಡುವ ಜಾಗ: ಮೇಲಿನ ಮಹಡಿಯ ಪಡುವಣ ಗೋಡೆ ಬೇಡ, ಟಿವಿ ಮೇಲೂ ಬೇಡ. ಸಿಂಧನೂರಿನಲ್ಲಿ ನಿಮ್ಮ ಹಳೇ ಮನೆ ಮಣ್ಣಿನ ಮಾಳಿಗೆಯದಾ? ಆದರೆ ಒಳಗಿನ ಕೋಣೆಯ ಗೋಡೆಗೂಡಿಗಿಂತ ಒಳ್ಳೆ ಜಾಗ ಇಲ್ಲ, ಮೇ ತಿಂಗಳಲ್ಲೂ ಅಲ್ಲಿ ಕೈಯಿಟ್ಟರೆ ತಂಪು. ಡಿಸ್ಕನ್ನು ನಿಲ್ಲಿಸಿ ಇಡಿ, ಪುಸ್ತಕದ ಹಾಗೆ. ಅಗ್ಗದ ಪ್ಲಾಸ್ಟಿಕ್ ಕವರಿನಲ್ಲಿ ಒತ್ತೊತ್ತಾಗಿ ಮಲಗಿಸಿದರೆ ಶಾಖಕ್ಕೆ ಕವರು ಡಿಸ್ಕಿಗೆ ಹತ್ತಿಕೊಳ್ಳುತ್ತದೆ. ಧೂಳು ಕೂತರೆ ಉಜ್ಜಬೇಡಿ, ಮೊದಲು ಊದಿ. ನಮ್ಮ ಕಡೆ ವಿದ್ಯುತ್ ಸ್ಥಾವರದ ಬೂದಿ, ಬಳ್ಳಾರಿ ಸಂಡೂರು ಕಡೆ ಆ ಕೆಂಪು ಅದಿರಿನ ಧೂಳು, ಎರಡೂ ಗೀಚುತ್ತವೆ. ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ. ಪೆಟ್ರೋಲ್, ತಿನ್ನರ್ ಹತ್ತಿರವೂ ತರಬೇಡಿ.

ಬಳ್ಳಾರಿಗೆ ಹೋಗಿ ಡಿಸ್ಕ್ ಪರೀಕ್ಷೆ ಮಾಡುವಾಗ ಒಂದು ನೆನಪಿಡಿ. ಎರಡು ಪದರದ ಡಿವಿಡಿಯಲ್ಲಿ ನಡುವೆ ಒಂದು ಕ್ಷಣ ಚಿತ್ರ ನಿಂತು ಮುಂದೆ ಹೋಗುತ್ತದೆ. ಅದು ಪದರ ಬದಲಾಗುವ ಜಾಗ, ದೋಷ ಅಲ್ಲ. ಅಲ್ಲಿಯೇ ಪೂರ್ತಿ ನಿಂತುಬಿಟ್ಟರೂ ಡಿಸ್ಕ್ ಕೆಟ್ಟಿದೆ ಅನ್ನಬೇಡಿ, ಎಷ್ಟೋ ಸಲ ಪ್ಲೇಯರಿನ ಲೆನ್ಸ್ ಸೋತಿರುತ್ತದೆ. ಬೇರೆ ಪ್ಲೇಯರಿಗೆ ಹಾಕಿ ನೋಡಿದ ಮೇಲೆ ತೀರ್ಮಾನ ಮಾಡಿ.

ಸಿಂಧನೂರು ಸೀಮೆ:

ಎಲ್ಲರಿಗೂ ಬಹಳ ಥ್ಯಾಂಕ್ಸ್. ಐದು ಡಿವಿಡಿಯವರಿಗೆ ಬೇಡ ಅಂತ ಹೇಳಿದೆ. ಮಾಳಿಗೆ ಮನೆ ಇದೆ ಸರ್, ಅಜ್ಜಿ ಅಲ್ಲೇ ಇರುವುದು, ಗೂಡಿನಲ್ಲೇ ಇಡುತ್ತೇನೆ. ಇಳಿಸಿಕೊಳ್ಳಲು ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಬೇಕು? ಮತ್ತೆ ಅಮ್ಮ ಒಂದು ಕೇಳಿದರು: ಮಾಯಾಮೃಗ ಡಿವಿಡಿ ಸಿಗುತ್ತದಾ ಅಂತ.

ಬಳ್ಳಾರಿ ಬ್ಲೂರೇ:

19 ಡಿಸ್ಕ್ ತುಂಬಾ ತುಂಬಿದ್ದರೂ 162 ಜಿಬಿ ದಾಟುವುದಿಲ್ಲ. 1 ಟಿಬಿಯದು ತಗೊಂಡರೆ ಮಾಲ್ಗುಡಿ ಜೊತೆಗೆ ಇನ್ನೂ ಜಾಗ ಉಳಿಯುತ್ತದೆ. ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರ್ ಇದೆ, ಚಿತ್ರವನ್ನು ಕುಗ್ಗಿಸದೆ ಇದ್ದ ಹಾಗೇ ಇಳಿಸುತ್ತದೆ. ಪ್ರತಿ ಕಡತಕ್ಕೂ ಕಂತಿನ ನಂಬರ್ ಹಾಕಿ ಹೆಸರಿಡಿ. ಸಾಧ್ಯವಾದರೆ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ರಾಯಚೂರಿನಲ್ಲಿ, ಇನ್ನೊಂದು ಊರಲ್ಲಿ.

ಕೊಪ್ಪಳದ ಮೇಡಂ:

ಟಿ.ಎನ್. ಸೀತಾರಾಮ್ ಅವರ ಮಾಯಾಮೃಗದ ಕಂತುಗಳು ಯೂಟ್ಯೂಬಿನಲ್ಲಿ ಇವೆ, ಅಮ್ಮನಿಗೆ ಸದ್ಯ ಅಲ್ಲೇ ತೋರಿಸಿ. ಅಂಗಡಿಯಲ್ಲಿ ಅದರ ಡಿಸ್ಕ್ ನಾನಂತೂ ನೋಡಿಲ್ಲ. ನನಗೆ ಇದೇ ದೊಡ್ಡ ಸಂಕಟ. ಹಿಂದಿಯವರ ಮಹಾಭಾರತಕ್ಕೆ, ಶ್ಯಾಮ್ ಬೆನಗಲ್ ಅವರ 53 ಕಂತಿನ ಭಾರತ್ ಏಕ್ ಖೋಜ್‌ಗೆ ಬಾಕ್ಸ್ ಸೆಟ್ ಇದೆ. ಚಂದನದಲ್ಲಿ ನಾವೆಲ್ಲ ಕೆಲಸ ಬಿಟ್ಟು ಕೂತು ನೋಡಿದವಕ್ಕೆ ಅಂಥ ಭಾಗ್ಯ ಬರಲಿಲ್ಲ. ದಿನಾ ಬರುವ ಧಾರಾವಾಹಿ ನೂರಾರು ಕಂತು ಓಡುತ್ತದೆ, ಅಷ್ಟು ಡಿಸ್ಕ್ ಯಾರು ಅಚ್ಚು ಹಾಕಿಸುತ್ತಾರೆ, ಯಾರು ಕೊಳ್ಳುತ್ತಾರೆ ಅಂತ ಬಿಟ್ಟಿರಬೇಕು.

ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಒಂದು ಮನವಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ವಿಡಿಯೋ ಕ್ಯಾಸೆಟ್ ಇದ್ದು, ಯಾರೋ ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಕನ್ನಡ ಕಂತು ಅದರಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟೇಪಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಎತ್ತಿ ನೋಡಿ, ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ವಿಸಿಆರ್‌ಗೆ ಹಾಕಬೇಡಿ, ಹೆಡ್ಡೂ ಹಾಳು, ಟೇಪೂ ಹಾಳು. ಗೊತ್ತಿದ್ದವರ ಕೈಗೆ ಕೊಡಿ.

ಶಕ್ತಿನಗರ ಮೆಕ್ಯಾನಿಕ್:

ಮೇಡಂ ಹೇಳಿದ್ದು ನಿಜ. ಓಡುವ ವಿಸಿಆರ್ ಒಂದು ನನ್ನ ಹತ್ತಿರ ಇದೆ. ಕ್ಯಾಸೆಟ್ ಇದ್ದವರು ತಗೊಂಡು ಬನ್ನಿ, ಸ್ವಚ್ಛ ಮಾಡಿ ಇಳಿಸಿ ಕೊಡುತ್ತೇನೆ.

ಕೌಲ್‌ಬಜಾರ್ ಸಿಡಿ ಲೈಬ್ರರಿ:

ಸಿಂಧನೂರಿನ ತಮ್ಮ, ಆ ಅಂಗಡಿ ನನಗೆ ಗೊತ್ತು ಅನ್ನಿಸುತ್ತದೆ. ಭಾನುವಾರ ಬರುವುದಾದರೆ ಬೆಳಗ್ಗೆಯೇ ಬನ್ನಿ, ನಾನೂ ಬರುತ್ತೇನೆ, ಕೂತು ಒಂದೊಂದೇ ಹಾಕಿ ನೋಡೋಣ. ನಮ್ಮ ಲೈಬ್ರರಿಯ ಬಿಡಿ ಮಹಾಭಾರತ ಡಿಸ್ಕ್ ಒಂದಷ್ಟು ನನ್ನ ಟ್ರಂಕಿನಲ್ಲಿ ಉಳಿದಿವೆ. ಯಾವ ಕಂತು ಕಮ್ಮಿ ಬಿತ್ತು ಅಂತ ಬರೆದುಕೊಂಡರೆ ಅದರಲ್ಲಿ ಹುಡುಕಬಹುದು. ದುಡ್ಡು ಬೇಡ.