ಹಾಲು ಬಿಟ್ಟ ಹಂದಿಮರಿಗಳಿಗೆ ಆಂಟಿಬಯಾಟಿಕ್ ಬದಲು ಏನು?

ಪಾಂಡವಪುರದ ಸಾಕಣೆದಾರ:
ನನ್ನಲ್ಲಿ ಹನ್ನೆರಡು ತಾಯಿ ಹಂದಿಗಳಿವೆ. ಮರಿಗಳಿಗೆ 21ನೆಯ ದಿನ ಹಾಲು ಬಿಡಿಸುತ್ತೇನೆ. ಐದಾರು ದಿನ ಕಳೆಯುವಷ್ಟರಲ್ಲಿ ನೀರಿನಂತಹ ಭೇದಿ ಶುರುವಾಗಿ, ಬಾಲದ ಸುತ್ತ ಕೂದಲು ಅಂಟಿಕೊಂಡು, ಬೆನ್ನೆಲುಬು ಎದ್ದು ಕಾಣತೊಡಗುತ್ತದೆ. ಇಷ್ಟು ದಿನ ಆಹಾರಕ್ಕೆ ಆಂಟಿಬಯಾಟಿಕ್ ಪುಡಿ ಬೆರೆಸಿ ಮರಿಗಳನ್ನೂ ತೂಕವನ್ನೂ ಉಳಿಸಿಕೊಂಡೆ. ಈಗ ಅದನ್ನು ಬಿಡಲು ನಿರ್ಧರಿಸಿದ್ದೇನೆ. ಬದಲಿಗೆ ಏನು ಹಾಕಬೇಕು?

ನಿವೃತ್ತ ಪಶುವೈದ್ಯ, ಮೈಸೂರು:
"ಬದಲಿಗೆ ಏನು ಹಾಕಬೇಕು" ಎಂದು ಕೇಳುವ ಮೊದಲು, ಏನನ್ನು ತೆಗೆಯಬೇಕು ಎಂದು ಕೇಳಿಕೊಳ್ಳಿ. ಆ ವಯಸ್ಸಿನ ಮರಿಯ ಜಠರದಲ್ಲಿ ಸಾಕಷ್ಟು ಆಮ್ಲ ಸುರಿಯುವುದಿಲ್ಲ. ನೀವು ಸುರಿಯುವ ಸೋಯಾ ಹಿಂಡಿ ಅರ್ಧಂಬರ್ಧ ಜೀರ್ಣವಾಗಿ ದೊಡ್ಡ ಕರುಳಿಗೆ ಇಳಿದು ಕೊಳೆಯುತ್ತದೆ, ಸಣ್ಣ ಕರುಳಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಹಬ್ಬುತ್ತದೆ. 28 ದಿನ ತಾಯಿಯ ಬಳಿ ಬಿಡಿ, ಹಿಂಡಿ ತಗ್ಗಿಸಿ, ಫಾರ್ಮಿಕ್ ಆಮ್ಲದ ಲವಣವನ್ನು ಬೆರೆಸಿ. ಇಂತಹ ಒಂದು ಲವಣವನ್ನು, ಪೊಟ್ಯಾಸಿಯಂ ಡೈಫಾರ್ಮೇಟನ್ನು, ಐರೋಪ್ಯ ಒಕ್ಕೂಟ 2001ರಲ್ಲೇ ಒಪ್ಪಿಕೊಂಡಿತು. 2006ರ ಜನವರಿಯಿಂದ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಹಾಕುವುದನ್ನೇ ನಿಷೇಧಿಸಿತು.

ಮದ್ದೂರಿನ ಫೀಡ್ ವ್ಯಾಪಾರಿ:
"28 ದಿನ" ಎಂದು ಬರೆಯುವುದು ಸುಲಭ, ಡಾಕ್ಟರೇ. ಒಂದು ವಾರ ತಡವಾದರೆ ತಾಯಿ ಬೆದೆಗೆ ಬರುವುದೂ ಒಂದು ವಾರ ತಡ. ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಡೆನ್ಮಾರ್ಕಿನವರು ಮರಿಗಳ ಆಹಾರದಿಂದ ಆಂಟಿಬಯಾಟಿಕ್ ತೆಗೆದ ಮೇಲೆ ಭೇದಿ ಹೆಚ್ಚಿ, ಚಿಕಿತ್ಸೆಗೆ ಬೇಕಾದ ಔಷಧವೂ ಹೆಚ್ಚಿತು ಎಂಬುದನ್ನು ತಾವು ಹೇಳಲಿಲ್ಲ. ಸತುವಿನ ಆಕ್ಸೈಡನ್ನು ಟನ್ನಿಗೆ ಮೂರು ಕಿಲೋ ಹಾಕಿದರೆ ಭೇದಿ ನಿಲ್ಲುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಮಳವಳ್ಳಿಯ ರೈತ ಮಹಿಳೆ:
ಆಮ್ಲ ಬೇಕೆಂದರೆ ಅಂಗಡಿಗೆ ಏಕೆ ಹೋಗಬೇಕು? ನಮ್ಮ ಮನೆಯಲ್ಲಿ ಮೆಕ್ಕೆಜೋಳದ ನುಚ್ಚು ಮತ್ತು ರಾಗಿಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕದಡಿ ಡ್ರಮ್ಮಿನಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ಮೇಲೆ ನೊರೆ ಕಟ್ಟಿರುತ್ತದೆ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಇಟ್ಟರೆ ಹಲ್ಲು ಜುಮ್ಮೆನ್ನಬೇಕು. ಮರಿಗಳು ಮುಗಿಬಿದ್ದು ಕುಡಿಯುತ್ತವೆ.

ನಿವೃತ್ತ ಪಶುವೈದ್ಯ, ಮೈಸೂರು:
ಅಮ್ಮ, "ಹಲ್ಲು ಜುಮ್ಮೆನ್ನಬೇಕು" ಎಂಬುದು ಅಳತೆಯಲ್ಲ. ಮಜ್ಜಿಗೆಯಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ನಾನು ಹೇಳಿದ್ದು ಫಾರ್ಮಿಕ್. ಎರಡನ್ನೂ ಒಂದೇ ಎಂದುಕೊಂಡು ಮರಿಗಳ ಜೀವದ ಮೇಲೆ ಪ್ರಯೋಗ ನಡೆಸಬಾರದು.

ಮಳವಳ್ಳಿಯ ರೈತ ಮಹಿಳೆ:
"ಪ್ರಯೋಗ" ಎಂಬ ಮಾತು ನನಗೆ ನೋವು ತಂದಿದೆ. ತಾವು ಮೆಚ್ಚುವ ಅದೇ ಯುರೋಪಿನಲ್ಲಿ, ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್‌ನಲ್ಲಿ, ಆಹಾರವನ್ನು ನೀರಿನಲ್ಲಿ ಹುದುಗಿಸಿ ಹಂದಿಗಳಿಗೆ ಕೊಡುತ್ತಾರೆ; ಅಲ್ಲಿಯೂ ಹುಳಿ ಬರುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದಲೇ. ಅವರು ಮಾಡಿದರೆ ವಿಜ್ಞಾನ, ಮಳವಳ್ಳಿಯ ಹೆಂಗಸು ಮಾಡಿದರೆ ಪ್ರಯೋಗವೇ?

ಮದ್ದೂರಿನ ಫೀಡ್ ವ್ಯಾಪಾರಿ:
"ಒಂದು ರಾತ್ರಿ" ಎಂದಿರಲ್ಲ ತಾಯಿ, ಏಪ್ರಿಲ್ ಸೆಕೆಯಲ್ಲಿ ಅದೇ ಡ್ರಮ್ಮಿನಲ್ಲಿ ಯೀಸ್ಟ್ ಬೆಳೆದು ಹೆಂಡದ ವಾಸನೆ ಬರುತ್ತದೆ. ಆಹಾರದ ಸತ್ವವೆಲ್ಲ ನೊರೆಯಾಗಿ ಹೋಗುತ್ತದೆ.

ನಂಜನಗೂಡಿನ ಪಶುವೈದ್ಯ ವಿದ್ಯಾರ್ಥಿ:
ಮಜ್ಜಿಗೆಯ ನಡುವೆ ಸತುವಿನ ಮಾತನ್ನು ಎಲ್ಲರೂ ಮರೆತಿದ್ದೀರಿ. ಔಷಧದ ಪ್ರಮಾಣದ ಸತುವಿನ ಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರ ಜೂನ್‌ನಲ್ಲಿ ನಿಲ್ಲಿಸಿದೆ, ಏಕೆಂದರೆ ಅದರಲ್ಲಿ ಬಹುಪಾಲು ಸಗಣಿಯೊಂದಿಗೆ ಹೊರಬಂದು ಮಣ್ಣಿನಲ್ಲಿ ಉಳಿಯುತ್ತದೆ. ನಮ್ಮಲ್ಲಿ ಆ ಗೊಬ್ಬರ ಕಬ್ಬಿನ ಗದ್ದೆಗೇ ಹೋಗುತ್ತದೆ. ಇನ್ನು ಪುಡಿಯ ವಿಚಾರ: 2015ರಲ್ಲಿ ಚೀನಾದ ಹಂದಿಗಳಲ್ಲಿ ಬ್ಯಾಕ್ಟೀರಿಯಾ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಜೀನ್ ಪತ್ತೆಯಾಯಿತು. ಆಸ್ಪತ್ರೆಗಳಲ್ಲಿ ಬೇರೇನೂ ನಾಟದಾಗ ಕೊಡುವ ಔಷಧ ಕೊಲಿಸ್ಟಿನ್. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡಬಾರದೆಂದು ಭಾರತ 2019ರಲ್ಲೇ ನಿಷೇಧ ಹೇರಿದೆ.

ಮದ್ದೂರಿನ ಫೀಡ್ ವ್ಯಾಪಾರಿ:
ಕೊಲಿಸ್ಟಿನ್ ಮಾರುತ್ತೇನೆಂದು ನಾನು ಎಲ್ಲಿ ಹೇಳಿದೆ? ಹೇಳದ ಮಾತನ್ನು ನನ್ನ ತಲೆಗೆ ಕಟ್ಟಬೇಡಿ. ಹುಳಿ ಡ್ರಮ್ಮಿಗೆ ಉತ್ತರ ಕೊಡಿ.

ಮಳವಳ್ಳಿಯ ರೈತ ಮಹಿಳೆ:
ಉತ್ತರ ಇಲ್ಲಿದೆ. ಹೆಂಡದ ವಾಸನೆ ಬಂದರೆ ಚೆಲ್ಲುತ್ತೇವೆ, ಡ್ರಮ್ಮನ್ನು ಬಿಸಿನೀರಿನಲ್ಲಿ ಉಜ್ಜುತ್ತೇವೆ, ಹಿಂದಿನ ದಿನದ ಒಳ್ಳೆಯ ಹುಳಿಯನ್ನೇ ಹೆಪ್ಪು ಹಾಕುತ್ತೇವೆ. ಮೊಸರು ಕೆಟ್ಟಿತೆಂದು ಯಾರೂ ಹೆಪ್ಪು ಹಾಕುವುದನ್ನು ನಿಲ್ಲಿಸಿಲ್ಲ.

ನಿವೃತ್ತ ಪಶುವೈದ್ಯ, ಮೈಸೂರು:
ಹೆಪ್ಪಿನ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಒಪ್ಪಿದೆನೆಂದೂ ತಿಳಿಯಬೇಡಿ. ಫೀಡಿಗೆ ಬೆರೆಸುವ ಸುಣ್ಣದಕಲ್ಲಿನ ಪುಡಿ ಜಠರದ ಆಮ್ಲವನ್ನು ಹೀರಿಬಿಡುತ್ತದೆ. ಅದು ಹೆಚ್ಚಿದ್ದರೆ ನಿಮ್ಮ ಹುಳಿಯೂ ವ್ಯರ್ಥ, ನನ್ನ ಲವಣವೂ ವ್ಯರ್ಥ. ಡೆನ್ಮಾರ್ಕಿನ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದ ವ್ಯಾಪಾರಿಗಳಿಗೂ ಒಂದು ಮಾತು: 1992ರಿಂದ 2008ರ ನಡುವೆ ಅಲ್ಲಿ ಒಂದು ಕಿಲೋ ಹಂದಿಮಾಂಸಕ್ಕೆ ಬಳಕೆಯಾದ ಆಂಟಿಬಯಾಟಿಕ್ ಅರ್ಧಕ್ಕಿಂತ ಕೆಳಗಿಳಿಯಿತು.

ಪಾಂಡವಪುರದ ಸಾಕಣೆದಾರ:
ಕೇಳಿದವನು ನಾನು, ಮಜ್ಜಿಗೆಯ ಜಗಳದಲ್ಲಿ ನನ್ನ ಮರಿಗಳನ್ನು ಯಾರೂ ನೆನೆಯಲಿಲ್ಲ. ಮುಂದಿನ ಈತಕ್ಕೆ 28 ದಿನ ಬಿಡುತ್ತೇನೆ. ಒಂದು ಅಂಕಣಕ್ಕೆ ಅಕ್ಕನ ಹುಳಿ, ಇನ್ನೊಂದಕ್ಕೆ ಡಾಕ್ಟರ ಲವಣ ಕೊಟ್ಟು, ವಾರಕ್ಕೊಮ್ಮೆ ತೂಗುತ್ತೇನೆ.

ಮದ್ದೂರಿನ ಫೀಡ್ ವ್ಯಾಪಾರಿ:
"ಒಂದೊಂದು ಅಂಕಣ" ಸಾಲದು. ಒಂದೇ ತಾಯಿಯ ಮರಿಗಳನ್ನು ಎರಡು ಪಾಲು ಮಾಡದಿದ್ದರೆ ಆ ತೂಕವನ್ನು ನಾನು ನಂಬುವುದಿಲ್ಲ.

ಮಳವಳ್ಳಿಯ ರೈತ ಮಹಿಳೆ:
ಪಾಲು ಮಾಡಿ, ಆದರೆ ಸುಣ್ಣದ ಪುಡಿಯನ್ನು ಎರಡೂ ಕಡೆ ಒಂದೇ ಸಮನೆ ತಗ್ಗಿಸಿ. ಲವಣದ ಕಡೆ ಮಾತ್ರ ತಗ್ಗಿಸಿ ಆಮೇಲೆ ಮಜ್ಜಿಗೆ ಸೋತಿತು ಎಂದರೆ ನಾನು ಒಪ್ಪುವುದಿಲ್ಲ.