ಅಮ್ಮನ ಒಣಚರ್ಮ: ದಿನಚರಿಯಲ್ಲಿ ಎಲ್ಲಿಂದ ಬದಲಾವಣೆ ಮಾಡಬೇಕು?

ಭೀಮಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ ಈಗ 64 ವರ್ಷ. ಅವರು ಇಂಡಿ ತಾಲ್ಲೂಕಿನ ನಮ್ಮ ಊರಿನಲ್ಲಿಯೇ ಇರುತ್ತಾರೆ. ನಾನು ಕೆಲಸದ ಕಾರಣದಿಂದ ಬೆಂಗಳೂರಿನಲ್ಲಿದ್ದೇನೆ. ಪ್ರತಿ ವರ್ಷ ದೀಪಾವಳಿ ಕಳೆದು ಚಳಿ ಬಿದ್ದೊಡನೆ ಅವರ ಕಣಕಾಲಿನ ಚರ್ಮ ಬಿಳಿಚಿಕೊಂಡು, ಮೀನಿನ ಹುರುಪೆಯಂತೆ ಬಿರಿದು, ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದ ಕೂಡಲೇ ತಡೆಯಲಾರದಷ್ಟು ತುರಿಕೆ ಏಳುತ್ತದೆ. ಹಿಮ್ಮಡಿಗಳೂ ಒಡೆದಿವೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅವರ ದಿನಚರಿಯನ್ನು ಗಮನವಿಟ್ಟು ನೋಡಿದೆ. ನಸುಕಿನಲ್ಲಿ ಎದ್ದು, ಹಂಡೆಯಲ್ಲಿ ಕುದಿ ಬಂದ ನೀರಿಗೆ ಸ್ವಲ್ಪವೇ ತಣ್ಣೀರು ಬೆರೆಸಿಕೊಂಡು, ಮೈಗೆಲ್ಲ ಸಾಬೂನು ಹಚ್ಚಿ, ಕಾಲುಗಳನ್ನು ಕಲ್ಲಿನಿಂದ ತಿಕ್ಕಿ ಸ್ನಾನ ಮಾಡುತ್ತಾರೆ. ಕೊಳವೆಬಾವಿಯ ನೀರಾದ್ದರಿಂದ ಹಂಡೆಯ ಒಳಗೆ ಬಿಳಿಯ ಪದರ ಕಟ್ಟಿರುತ್ತದೆ. ಪೂಜೆ, ಅಡುಗೆ ಎಲ್ಲ ಮುಗಿದು ಹತ್ತು ಗಂಟೆಯ ಬಿಸಿಲಿಗೆ ಕುಳಿತಾಗ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ನಾನು ಕೊಂಡೊಯ್ದ ದುಬಾರಿ ಲೋಷನ್ನು ಎರಡು ಬಾಟಲಿ ಮುಗಿದರೂ ಗುಣ ಕಾಣಲಿಲ್ಲ. ಅವರು ನೀರು ಕಡಿಮೆ ಕುಡಿಯುವುದೇ ಇದಕ್ಕೆ ಕಾರಣವೆಂದು ನೆರೆಯವರು ಹೇಳುತ್ತಾರೆ. ಅವರ ನೇಮಕ್ಕೆ ಭಂಗ ಬಾರದಂತೆ ಏನನ್ನು ಬದಲಿಸಬಹುದು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ದಾವಣಗೆರೆಯ ಚರ್ಮವೈದ್ಯೆ ಅವರ ಉತ್ತರ:

ನೀವು ಇಷ್ಟು ವಿವರವಾಗಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ನಿಮ್ಮ ತಾಯಿಯವರ ತೊಂದರೆಯ ಬಹುಭಾಗ ಬಚ್ಚಲಮನೆಯಲ್ಲಿಯೇ ಹುಟ್ಟುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಚರ್ಮದ ತೀರ ಹೊರಗಿನ ಪದರದಲ್ಲಿ ಚಪ್ಪಟೆಯಾದ ಸತ್ತ ಜೀವಕೋಶಗಳು ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ನಡುವಿನ ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ತುಂಬಿಕೊಂಡು ಒಳಗಿನ ತೇವ ಗಾಳಿಗೆ ಹಾರಿಹೋಗದಂತೆ ತಡೆಯುತ್ತವೆ. ಬಿಸಿನೀರು ಈ ಜಿಡ್ಡನ್ನು ಸಡಿಲಿಸುತ್ತದೆ, ಸಾಬೂನು ಅದನ್ನು ಕರಗಿಸಿ ಒಯ್ಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅಂದರೆ ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10, ಅಂದರೆ ಅದು ಕ್ಷಾರೀಯ, ಚರ್ಮದ ಈ ಆಮ್ಲೀಯತೆಯನ್ನು ಕೆಡಿಸುತ್ತದೆ. ವಯಸ್ಸಾದಂತೆ ಚರ್ಮದ ಜಿಡ್ಡಿನ ಉತ್ಪತ್ತಿಯೂ ತಗ್ಗುವುದರಿಂದ ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳುವುದು ನಿಧಾನವಾಗುತ್ತದೆ. ಕಣಕಾಲಿನಲ್ಲಿ ಎಣ್ಣೆಯ ಗ್ರಂಥಿಗಳೇ ಕಡಿಮೆ. ಆದ್ದರಿಂದಲೇ ಒಣಗುವುದು ಮೊದಲು ಅಲ್ಲಿ ಕಾಣಿಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿದಾಗ ನೀರಿನಲ್ಲಿ ಕರಗದ ಗಸಿ ಉಂಟಾಗಿ, ಎಷ್ಟು ತೊಳೆದರೂ ಸ್ವಲ್ಪ ಮೈಗೆ ಅಂಟಿಯೇ ಇರುತ್ತದೆ. ಅದೂ ತುರಿಕೆಗೆ ಕಾರಣವಾಗಬಲ್ಲದು.

ಮುಂಜಾನೆಯ ಸ್ನಾನವನ್ನು ಬಿಡಿಸಬೇಕಾಗಿಲ್ಲ. ಮೊಣಕೈಗೆ ಸುರಿದುಕೊಂಡರೆ ಬಿಸಿ ಎನ್ನಿಸದ, ಬೆಚ್ಚಗೆ ಎನ್ನಿಸುವ ನೀರಿರಲಿ. ಹತ್ತು ನಿಮಿಷದೊಳಗೆ ಸ್ನಾನ ಮುಗಿಯಲಿ. ಸಾಬೂನನ್ನು ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಮಾತ್ರ ಹಚ್ಚಿದರೆ ಸಾಕು, ಏಕೆಂದರೆ ಸೀರೆಯೊಳಗಿನ ಕಣಕಾಲಿಗೆ ಸಾಬೂನಿನಿಂದ ತೆಗೆಯಬೇಕಾದಷ್ಟು ಕೊಳೆ ದಿನವೂ ಹತ್ತುವುದಿಲ್ಲ. ಕಣಕಾಲಿಗೆ ಕಲ್ಲು ಬೇಡವೇ ಬೇಡ. ಪೊಟ್ಟಣದ ಮೇಲೆ ಟಿಎಫ್‌ಎಂ (ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶ) ಹೆಚ್ಚಿರುವ ಸಾಬೂನು ಕೊಂಡರೆ ಸಾಕೇ ಎಂದು ಹಲವರು ಕೇಳುತ್ತಾರೆ. ಮೊದಲ ದರ್ಜೆಯ ಸಾಬೂನಿನಲ್ಲಿ ಅದು ಕನಿಷ್ಠ ಶೇಕಡಾ 76 ಇರಬೇಕೆಂಬ ನಿಯಮವಿದೆ ನಿಜ, ಆದರೆ ಆ ಸಾಬೂನೂ ಕ್ಷಾರೀಯವೇ. ಎಲ್ಲಿ ಹಚ್ಚುತ್ತೀರಿ, ಎಷ್ಟು ಹೊತ್ತು ಹಚ್ಚುತ್ತೀರಿ ಎಂಬುದೇ ಹೆಚ್ಚು ಮುಖ್ಯ.

ಇನ್ನು ಹಚ್ಚುವ ಸಮಯ. ಟವೆಲಿನಿಂದ ಉಜ್ಜದೆ ಒತ್ತಿ ಒರಸಿ, ಮೈಯಲ್ಲಿ ಇನ್ನೂ ತುಸು ಪಸೆ ಇರುವಾಗಲೇ, ಎರಡು ಮೂರು ನಿಮಿಷಗಳೊಳಗೆ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪನೆಯ ಕ್ರೀಮನ್ನೋ ಹಚ್ಚಬೇಕು. ಜೆಲ್ಲಿ ಚರ್ಮಕ್ಕೆ ನೀರನ್ನು ಕೊಡುವುದಿಲ್ಲ, ಇರುವ ನೀರನ್ನು ಹೋಗಗೊಡುವುದಿಲ್ಲ. ಹತ್ತು ಗಂಟೆಗೆ ಹಚ್ಚಿದರೆ ಉಳಿಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ದುಬಾರಿ ಲೋಷನ್ನು ಕೆಲಸ ಮಾಡದಿರುವುದಕ್ಕೂ ಇದೇ ಕಾರಣವಿರಬಹುದು. ಜೊತೆಗೆ ತೆಳುವಾದ ಲೋಷನ್ನಿನಲ್ಲಿ ಬಹುಪಾಲು ನೀರೇ ಇರುತ್ತದೆ.

ಹೊಟ್ಟಿನಂತೆ ಏಳುವ ಕಣಕಾಲಿಗೆ ಶೇಕಡಾ 10ರ ಯೂರಿಯಾ ಕ್ರೀಮು ಒಳ್ಳೆಯದು. ದಪ್ಪಗಟ್ಟಿದ ಹಿಮ್ಮಡಿಗೆ ಶೇಕಡಾ 20ರಿಂದ 25ರದು ಬೇಕಾಗುತ್ತದೆ. ಆದರೆ ಬಿರುಕಿನಲ್ಲಿ ರಕ್ತ ಕಾಣುತ್ತಿದ್ದರೆ ಅದು ಉರಿಯುತ್ತದೆ, ಆಗ ಮೊದಲ ಕೆಲವು ದಿನ ಜೆಲ್ಲಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಲಿ.

ನೀರು ಕುಡಿಯುವುದರ ಬಗ್ಗೆ: ಬಾಯಾರಿಕೆಗೆ ತಕ್ಕಷ್ಟು ಕುಡಿಯಲೇಬೇಕು, ಆದರೆ ಅದಕ್ಕಿಂತ ಹೆಚ್ಚು ಕುಡಿದ ಮಾತ್ರಕ್ಕೆ ಕಣಕಾಲಿನ ಬಿರುಕು ಮಾಯುವುದಿಲ್ಲ. ಇನ್ನೊಂದು ಮಾತನ್ನು ತಳ್ಳಿಹಾಕಬೇಡಿ. ಈ ವಯಸ್ಸಿನಲ್ಲಿ ಒಣಚರ್ಮ ಮತ್ತು ತುರಿಕೆಯ ಹಿಂದೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು. ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ ಇದ್ದರೆ ಒಡೆದ ಹಿಮ್ಮಡಿಯನ್ನು ಗಾಯವೆಂದೇ ತಿಳಿದು ವೈದ್ಯರಿಗೆ ತೋರಿಸಬೇಕು.

ಮಾಳಮಡ್ಡಿ ಅಜ್ಜಿ ಅವರ ಉತ್ತರ:

ತಮ್ಮಾ, ನನಗೆ 71 ವರ್ಷ. ನಿಮ್ಮ ತಾಯಿಯವರ ಹಾಗೆಯೇ ನಾನೂ ಹಬೆಯಾಡುವ ನೀರಿಲ್ಲದೆ ಸ್ನಾನವೇ ಆದಂತಲ್ಲ ಎಂದು ನಂಬಿದ್ದವಳು. ಪ್ರತಿ ವಾರ ಎಣ್ಣೆ ಹಚ್ಚಿ ಎರೆದುಕೊಳ್ಳುತ್ತಿದ್ದರೂ ಮೈ ಏಕೆ ಒಡೆಯುತ್ತದೆ ಎಂದು ವರ್ಷಗಟ್ಟಲೆ ತಿಳಿದಿರಲಿಲ್ಲ. ಹಚ್ಚಿದ ಎಣ್ಣೆಯನ್ನೆಲ್ಲ ಸೀಗೆಪುಡಿಯಿಂದ, ಅದೂ ಸಾಲದೆಂದು ಕಡಲೆ ಹಿಟ್ಟಿನಿಂದ, ಜಿಡ್ಡು ಒಂದಿಷ್ಟೂ ಉಳಿಯದಂತೆ ತಿಕ್ಕಿ ತೆಗೆಯುತ್ತಿದ್ದೆ. ಈಗ ಸೀಗೆಪುಡಿ ತಲೆಗೆ ಮಾತ್ರ. ಮೈಮೇಲಿನ ಎಣ್ಣೆಯನ್ನು ನೀರಿನಲ್ಲಿ ಹೋದಷ್ಟು ಹೋಗಲೆಂದು ಬಿಡುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: ಎಣ್ಣೆ ಬಿದ್ದ ಬಚ್ಚಲಿನ ಕಲ್ಲು ಬಹಳ ಜಾರುತ್ತದೆ. ನಾನು ಮಣೆಯ ಮೇಲೆ ಕುಳಿತೇ ಸ್ನಾನ ಮಾಡುತ್ತೇನೆ, ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿಕೊಂಡಿದ್ದೇನೆ.

ಭೀಮಾತೀರ:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಜೆಲ್ಲಿ ಅಂಟಂಟಾಗಿ ಸೀರೆಗೆ ಹತ್ತುತ್ತದೆ, ಅದನ್ನು ಹಚ್ಚಿಕೊಂಡು ದೇವರ ಕೋಣೆಗೆ ಹೋಗಲು ಮನಸ್ಸಾಗುವುದಿಲ್ಲ ಎಂದು ಅಮ್ಮ ಹೇಳುತ್ತಾರೆ. ಮನೆಯಲ್ಲಿ ಅಡುಗೆಗೆ ಗಾಣದ ಕುಸುಬಿ ಎಣ್ಣೆ ಇದೆ. ಅದನ್ನು ಹಚ್ಚಬಹುದೇ? ಯಾರೋ ಆಲಿವ್ ಎಣ್ಣೆಯನ್ನೂ ಸೂಚಿಸಿದ್ದಾರೆ.

ದಾವಣಗೆರೆಯ ಚರ್ಮವೈದ್ಯೆ:

ಮನಸ್ಸಿಗೆ ಒಗ್ಗದ್ದನ್ನು ಯಾರೂ ದಿನವೂ ಹಚ್ಚುವುದಿಲ್ಲ, ಆದ್ದರಿಂದ ಅವರ ಮಾತಿಗೆ ಬೆಲೆ ಕೊಡಿ. ಬೆಳಿಗ್ಗೆ ಎಣ್ಣೆ, ರಾತ್ರಿ ಮಲಗುವಾಗ ಜೆಲ್ಲಿ ಎಂದು ಹಂಚಿಕೊಳ್ಳಬಹುದು. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೇರಳವಾಗಿದೆ. ಚರ್ಮ ತನ್ನ ಸೆರಮೈಡ್‌ಗಳನ್ನು ಕಟ್ಟಿಕೊಳ್ಳಲು ಬಳಸುವ ಕೊಬ್ಬಿನಾಮ್ಲ ಅದೇ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಆಲಿವ್ ಎಣ್ಣೆ ಬೇಡ; ಅದರಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲ ಹೊರಪದರದ ಕಟ್ಟನ್ನು ಸಡಿಲಗೊಳಿಸುತ್ತದೆ. ಯಾವ ಎಣ್ಣೆಯಾದರೂ ಪಸೆಯಿರುವ ಮೈಗೆ ನಾಲ್ಕೈದು ಹನಿ ಸಾಕು. ಅಷ್ಟಾದರೆ ಸೀರೆಗೆ ಹತ್ತುವುದೂ ಕಡಿಮೆ. ಜೆಲ್ಲಿಯೋ ಎಣ್ಣೆಯೋ ಇಂಗಿದ ಬಟ್ಟೆ ಬೇಗ ಹೊತ್ತಿಕೊಳ್ಳುವುದರಿಂದ ಅದನ್ನುಟ್ಟು ಒಲೆಯ ಮುಂದೆ ಕುಳಿತುಕೊಳ್ಳದಿರಲಿ.

ಕೆರೆಯಂಗಳ ಅವರ ಉತ್ತರ:

ಕೈಗಳನ್ನೂ ಮರೆಯಬೇಡಿ. ಪಾತ್ರೆ ತೊಳೆಯುವ ಸಾಬೂನು ಮೈಸಾಬೂನಿಗಿಂತ ಬಹಳ ಖಾರವಾದದ್ದು. ನನ್ನ ಬೆರಳಿನ ಗಿಣ್ಣುಗಳು ಒಡೆದು ರಕ್ತ ಬರುತ್ತಿದ್ದ ಕಾಲದಲ್ಲಿ ರಬ್ಬರ್ ಕೈಚೀಲದೊಳಗೆ ತೆಳುವಾದ ಹತ್ತಿಯ ಕೈಚೀಲ ಹಾಕಿಕೊಳ್ಳಲು ಆರಂಭಿಸಿದೆ. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಇನ್ನಷ್ಟು ಕೆಡುತ್ತಿತ್ತು. ಉಣ್ಣೆಯ ಶಾಲು ನೇರವಾಗಿ ಮೈಗೆ ತಾಗಿದರೂ ತುರಿಕೆ ಏಳುವುದುಂಟು, ಒಳಗೊಂದು ನೂಲಿನ ಬಟ್ಟೆ ಇರಲಿ.

ಭೀಮಾತೀರ, ಮೂರು ವಾರಗಳ ನಂತರ:

ನೀರಿನ ಬಿಸಿ ಇಳಿಸುವುದಕ್ಕೆ ಅಮ್ಮ ಮೊದಲ ವಾರ ಒಪ್ಪಲೇ ಇಲ್ಲ. ಕಣಕಾಲಿಗೆ ಸಾಬೂನು ಹಚ್ಚುವುದನ್ನು ಬಿಟ್ಟದ್ದು ಮತ್ತು ಎಣ್ಣೆಯ ಬಟ್ಟಲನ್ನು ಬಚ್ಚಲಮನೆಯ ಗೂಡಿನಲ್ಲಿಯೇ ಇಟ್ಟದ್ದು, ಇವೆರಡೇ ಆಗ ಆದ ಬದಲಾವಣೆಗಳು. ಅಷ್ಟಕ್ಕೇ ರಾತ್ರಿಯ ತುರಿಕೆ ತಗ್ಗಿತು. ಅದರಿಂದ ನಂಬಿಕೆ ಬಂದು ಈಗ ತಾವಾಗಿಯೇ ಎರಡು ತಂಬಿಗೆ ತಣ್ಣೀರು ಹೆಚ್ಚು ಬೆರೆಸಿಕೊಳ್ಳುತ್ತಿದ್ದಾರೆ. ಕಣಕಾಲು ನುಣುಪಾಗಿದೆ. ಎಡಗಾಲಿನ ಹಿಮ್ಮಡಿಯ ಒಂದು ಆಳವಾದ ಬಿರುಕು ಮಾತ್ರ ಇನ್ನೂ ಕೂಡಿಕೊಂಡಿಲ್ಲ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿದೆ, ಸಕ್ಕರೆ ಗಡಿಗಿಂತ ತುಸು ಮೇಲಿದೆ. ಬರುವ ಸೋಮವಾರ ರಜೆ ಹಾಕಿ ಊರಿಗೆ ಹೋಗಿ, ಅವರನ್ನು ಕರೆದುಕೊಂಡು ವೈದ್ಯರಿಗೆ ಆ ಪಾದವನ್ನು ತೋರಿಸುತ್ತೇನೆ.